ಸೊಸೆಯ ಜಪಸರ ನಿಂತಿದೆ, ಮನೆಯವರ ಧರ್ಮವೇನು?

ಪ್ರಶ್ನೆ: ನಮ್ಮದು ಸಂಪ್ರದಾಯಸ್ಥ ಕುಟುಂಬ. ಎರಡು ವರ್ಷದ ಹಿಂದೆ ಮಗ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಮೊದಮೊದಲು ನಮಗೆ ಬೇಸರವಿತ್ತು, ಈಗಿಲ್ಲ. ಸೊಸೆ ನಮ್ಮ ಜೊತೆಯಲ್ಲೇ ಇದ್ದಾಳೆ, ಒಳ್ಳೆಯ ಸ್ವಭಾವ. ಬಂದ ಹೊಸತರಲ್ಲಿ ರಾತ್ರಿ ಜಪಸರ ಹಿಡಿದು ಕೂರುತ್ತಿದ್ದಳು, ಭಾನುವಾರ ಚರ್ಚಿಗೆ ಹೋಗುತ್ತಿದ್ದಳು. ಬರಬರುತ್ತಾ ಎರಡೂ ನಿಂತಿವೆ. ಮೊನ್ನೆ ನನ್ನ ಹತ್ತಿರ, "ಮಾವ, ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ, ಒಳಗೆಲ್ಲ ಖಾಲಿ. ನನ್ನ ನಂಬಿಕೆ ಗಟ್ಟಿ ಇರಲೇ ಇಲ್ಲವೇನೋ" ಅಂತ ಅತ್ತಳು. ನನ್ನ ಮನೆಯಾಕೆ, "ತಾನಾಗಿ ಬಿಟ್ಟುಹೋಗ್ತಿದೆ, ಹೋಗಲಿ ಬಿಡಿ, ನಿಧಾನಕ್ಕೆ ನಮ್ಮ ಪದ್ಧತಿಗೆ ಬರ್ತಾಳೆ" ಅನ್ನುತ್ತಾಳೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಸೊಸೆ ಈಗ ನಾಲ್ಕು ತಿಂಗಳ ಗರ್ಭಿಣಿ. ನಮ್ಮ ಧರ್ಮ ಏನು? ಅವರಲ್ಲಿ ನಂಬಿಕೆ ಗಟ್ಟಿಯಾಗುವುದು ಹೇಗೆ? ಶಿಲುಬೆಯನ್ನು ದೇವರಮನೆಯಲ್ಲಿ ಇಡಬಹುದೇ? ಇದಕ್ಕೆ ಯಾವುದಾದರೂ ಶಾಂತಿ ಮಾಡಿಸಬೇಕೇ?
(ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಒಂದೊಂದಾಗಿ ನೋಡೋಣ. ಇಂಥ ಮನೆಗಳು ಈಗ ನಗರದಲ್ಲಿ ಕಡಿಮೆಯೇನಿಲ್ಲ, ಆದ್ದರಿಂದ ಈ ತಿಂಗಳ ಜಾಗವನ್ನೆಲ್ಲ ಈ ಒಂದು ಪತ್ರಕ್ಕೇ ಕೊಟ್ಟಿದ್ದೇನೆ.

ಮನೆಯವರ ಧರ್ಮ

"ಹೋಗಲಿ ಬಿಡಿ" ಅನ್ನುವುದು ಧರ್ಮವಾಗುವುದಿಲ್ಲ. ಯಾರು ಯಾವ ರೂಪವನ್ನು ಶ್ರದ್ಧೆಯಿಂದ ಅರ್ಚಿಸಲು ಬಯಸುತ್ತಾರೋ ಅವರ ಶ್ರದ್ಧೆಯನ್ನು ಅದರಲ್ಲೇ ತಾನು ಸ್ಥಿರಗೊಳಿಸುವುದಾಗಿ ಭಗವಂತ ಗೀತೆಯ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ದೇವರೇ ಸ್ಥಿರಗೊಳಿಸುವುದನ್ನು ಮನೆಯವರು ಸಡಿಲಗೊಳ್ಳಲಿ ಎಂದು ಕಾಯುತ್ತಾ ಕೂರುವುದು ಸರಿಯೇ, ನೀವೇ ಯೋಚಿಸಿ.

ಲೋಕಾನುಭವವನ್ನೂ ನೋಡಿ. ಒಬ್ಬರ ಒಂದು ಶ್ರದ್ಧೆ ಒಣಗಿದ ಜಾಗದಲ್ಲಿ ಇನ್ನೊಂದು ತಾನಾಗಿ ಚಿಗುರುವುದು ಅಪರೂಪ. ಸಾಮಾನ್ಯವಾಗಿ ಅಲ್ಲಿ ಬೆಳೆಯುವುದು ಉದಾಸೀನ. ಜಪಸರ ಬಿಟ್ಟ ಹುಡುಗಿ ನಾಳೆಯಿಂದ ಲಲಿತಾ ಸಹಸ್ರನಾಮ ಹಿಡಿಯುತ್ತಾಳೆ ಎಂದು ನಿಮ್ಮ ಮನೆಯಾಕೆ ಎಣಿಸಿದ್ದರೆ ಅದು ಲೆಕ್ಕಕ್ಕೆ ಸಿಗದ ಮಾತು. ಒಳಗೆ ಖಾಲಿಯಾದ ತಾಯಿ ಹುಟ್ಟುವ ಮಗುವಿಗೆ ಯಾವ ದೇವರನ್ನು ತೋರಿಸಿಯಾಳು?

ಕಾನೂನಿನಲ್ಲೂ ಇದೇ ಇದೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾದವರು ಯಾರೂ ಧರ್ಮ ಬದಲಿಸಬೇಕಾಗಿಲ್ಲ. ನಿಮ್ಮ ಮಗ ಆ ಹುಡುಗಿಯನ್ನು ಅವಳ ನಂಬಿಕೆಯ ಸಮೇತ ಮನೆಗೆ ಕರೆದುಕೊಂಡು ಬಂದಿದ್ದಾನೆ ಅಂತಲೇ ತಿಳಿಯಬೇಕು.

ಅವರಲ್ಲಿ ನಂಬಿಕೆ ಎಂದರೆ ಏನು?

ನಾನು ವೇದಪಾಠಶಾಲೆಯಲ್ಲಿ ಕಲಿತವನು. ಚರ್ಚಿನ ವಿಧಿಗಳಿಗೆ ಅಲ್ಲಿನ ಗುರುಗಳೇ ಪ್ರಮಾಣ. ಆದರೂ ಎಲ್ಲರೂ ತಿಳಿದಿರಬೇಕಾದ ಕೆಲವು ವಿಷಯ ಹೇಳುತ್ತೇನೆ.

ಅವರು "ವಿಶ್ವಾಸ" ಅನ್ನುವುದು ದೇವರಿದ್ದಾನೆ ಎಂಬ ಅಭಿಪ್ರಾಯವನ್ನಷ್ಟೇ ಅಲ್ಲ, ಒಬ್ಬನನ್ನು ನಂಬಿ ಅವನ ಹಿಂದೆ ಹೊರಡುವುದನ್ನು. ಬೈಬಲ್ಲಿನಲ್ಲಿ ಹೀಬ್ರೂಗಳಿಗೆ ಬರೆದ ಪತ್ರ ಎಂಬ ಭಾಗವಿದೆ. ಅದರ ಹನ್ನೊಂದನೆಯ ಅಧ್ಯಾಯ ಪೂರ್ತಿ ಈ ವಿಷಯವೇ. ಅದರಲ್ಲಿ ಅಬ್ರಹಾಮನ ಕಥೆ ಬರುತ್ತದೆ: ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದಿದ್ದರೂ ದೇವರು ಕರೆದನೆಂದು ಊರು ಬಿಟ್ಟು ಹೊರಟವನು ಅವನು. ಗಂಡನ ಮನೆಗೆ ಹೊರಟ ಹೆಣ್ಣುಮಗಳಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಮುಖ್ಯ ಮಾತು. ನಮ್ಮಲ್ಲಿ ಸಾಧನೆಯ ಮಾತು ಹೆಚ್ಚು. ಅವರಲ್ಲಿ ವಿಶ್ವಾಸ ಮೊದಲು ದೇವರ ಕೊಡುಗೆ, ಕೃಪೆ. ಶ್ರೀವೈಷ್ಣವರಲ್ಲಿ ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಅಂತ ಎರಡು ಹೇಳುತ್ತಾರೆ. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಕ್ರೈಸ್ತರ ವಿಶ್ವಾಸ ಬೆಕ್ಕಿನ ಮರಿಯ ಕಡೆಗೆ ಹತ್ತಿರ. ಹಾಗಂತ ಮರಿ ಸುಮ್ಮನೆ ಇರುವುದಿಲ್ಲ, ಕೂಗಬೇಕು. ಆ ಕೂಗೇ ಅವರ ಪ್ರಾರ್ಥನೆ. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯೊಬ್ಬ, ತಾನು ನಂಬುತ್ತೇನೆ ಎನ್ನುತ್ತಲೇ ತನ್ನ ಅಪನಂಬಿಕೆಗೂ ನೆರವಾಗೆಂದು ಬೇಡಿಕೊಳ್ಳುತ್ತಾನೆ. ಯೇಸು ಅವನನ್ನು ಬೈದು ಕಳಿಸುವುದಿಲ್ಲ, ಮಗನನ್ನು ವಾಸಿಮಾಡುತ್ತಾನೆ. "ನನ್ನ ನಂಬಿಕೆ ಗಟ್ಟಿ ಇಲ್ಲ" ಎಂದು ಅತ್ತ ನಿಮ್ಮ ಸೊಸೆಗೆ ಅವಳ ಧರ್ಮಗ್ರಂಥದಲ್ಲೇ ಜಾಗವಿದೆ ಅಂತ ಹೇಳಿ.

ಯಾಕೆ ಸಡಿಲವಾಯಿತು?

ಯೇಸು ಹೇಳಿದ ಬಿತ್ತುವವನ ಸಾಮತಿಯನ್ನು ಕೇಳಿರಬಹುದು. ದಾರಿಯ ಮೇಲೆ ಬಿದ್ದ ಬೀಜ ಹಕ್ಕಿಗಳ ಪಾಲಾಯಿತು. ಕಲ್ಲುನೆಲದಲ್ಲಿ ಬಿದ್ದದ್ದು ಬೇಗ ಮೊಳೆತು, ಬೇರಿಲ್ಲದೆ ಬಿಸಿಲಿಗೆ ಬಾಡಿತು. ಮುಳ್ಳಿನ ನಡುವೆ ಬಿದ್ದದ್ದನ್ನು ಮುಳ್ಳು ಅಮುಕಿತು. ಒಳ್ಳೆಯ ನೆಲದಲ್ಲಿ ಬಿದ್ದದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಟ್ಟಿತು. ಮುಳ್ಳೆಂದರೆ ಸಂಸಾರದ ಚಿಂತೆ, ಐಶ್ವರ್ಯದ ಆಸೆ ಎಂದು ಅಲ್ಲೇ ವಿವರಣೆ ಇದೆ. ಬೀಜದಲ್ಲಿ ದೋಷವಿದೆ ಎಂದು ಎಲ್ಲೂ ಇಲ್ಲ, ಗಮನಿಸಿ.

ನಿಮ್ಮ ಸೊಸೆ ತವರಿನಲ್ಲಿದ್ದಾಗ ಅವಳ ನಂಬಿಕೆಯನ್ನು ಹೊತ್ತು ನಡೆಸಿದ್ದು ಇಡೀ ಮನೆ. ಆ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ಕೊಂಕಣಿಯಲ್ಲಿ "ತೇರ್ಸ್" ಅನ್ನುತ್ತಾರೆ. ಅಜ್ಜಿಯಿಂದ ಮೊಮ್ಮಕ್ಕಳ ತನಕ ಒಟ್ಟಿಗೆ ಮೊಣಕಾಲೂರಿ ಹೇಳುವ ಪದ್ಧತಿ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ, ಹೊಸಕ್ಕಿಯ ಊಟ, ಅದೂ ಸಸ್ಯಾಹಾರ. ಕರಾವಳಿಯಲ್ಲಿ ನಮ್ಮವರೂ ತೆನೆ ತಂದು ಕಟ್ಟಿ ಹೊಸಕ್ಕಿ ಊಟ ಮಾಡುತ್ತಾರಲ್ಲ, ಅದೇ ಮಣ್ಣಿನ ಹಬ್ಬ. ಅಂಥ ಮನೆಯಿಂದ ಬಂದವಳು ಇಲ್ಲಿ ಒಬ್ಬಳೇ ಕೋಣೆಯಲ್ಲಿ ಮಣಿ ಎಣಿಸಬೇಕು. ಹೊರಗೆ ಟಿವಿ, ಮುಗಿಯದ ಆಫೀಸಿನ ಕೆಲಸ. ನಮ್ಮ ಹುಡುಗರು ಅಮೆರಿಕಕ್ಕೆ ಹೋದ ಆರು ತಿಂಗಳಿಗೆ ಸಂಧ್ಯಾವಂದನೆ ಬಿಡುವುದಿಲ್ಲವೇ? ಅದೂ ಹೀಗೇ. ಜೊತೆ ಇಲ್ಲದಿದ್ದರೆ ನಿತ್ಯಕರ್ಮ ನಿಲ್ಲುವುದು ಕಷ್ಟ.

ಜೊತೆ ಹೋದರೂ ಉಳಿಯುತ್ತದೆಯೇ?

ಉಳಿದದ್ದಿದೆ. ಜಪಾನಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿಗೆ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಕ್ರೈಸ್ತ ಧರ್ಮ ಒಯ್ದರು. 1614ರಲ್ಲಿ ಅಲ್ಲಿನ ಆಳರಸರು ಅದನ್ನು ದೇಶವಿಡೀ ನಿಷೇಧಿಸಿದರು. ಪವಿತ್ರ ಚಿತ್ರಗಳನ್ನು ತುಳಿಯಿರಿ ಎಂದು ಜನರನ್ನು ಪರೀಕ್ಷಿಸಿದರು, ಒಪ್ಪದವರನ್ನು ಶಿಕ್ಷಿಸಿದರು. 1640ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಒಬ್ಬ ಪಾದ್ರಿಯೂ ಉಳಿಯಲಿಲ್ಲ. ಚರ್ಚಿಲ್ಲ, ಗುರುವಿಲ್ಲ, ಬಲಿಪೂಜೆಯಿಲ್ಲ. 1865ರ ಮಾರ್ಚ್‌ನಲ್ಲಿ ನಾಗಸಾಕಿಯಲ್ಲಿ ವಿದೇಶಿಯರಿಗಾಗಿ ಕಟ್ಟಿದ ಹೊಸ ಚರ್ಚಿಗೆ ಹತ್ತಿರದ ಉರಕಾಮಿ ಹಳ್ಳಿಯ ಕೆಲವರು ಬಂದರು. ಒಬ್ಬ ಹೆಂಗಸು ಅಲ್ಲಿದ್ದ ಫ್ರೆಂಚ್ ಗುರು ಪೆಟಿಜಾನ್ ಅವರ ಹತ್ತಿರ ಮೆಲ್ಲಗೆ, ನಮ್ಮ ಹೃದಯವೂ ನಿಮ್ಮದೇ ಎಂಬ ಅರ್ಥದ ಮಾತು ಹೇಳಿ, ಮಾತೆ ಮರಿಯಳ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿ ಉಳಿದ ವಿಶ್ವಾಸ ಅದು. ನಿಷೇಧ ತೆರವಾದದ್ದು 1873ರಲ್ಲಿ.

ಹೇಗೆ ಉಳಿಸಿಕೊಂಡರು? ಇದು ನಮಗೆಲ್ಲ ಪಾಠ. ಅವರ ಗುಂಪುಗಳಲ್ಲಿ ಒಬ್ಬರು ಹಬ್ಬ, ಉಪವಾಸದ ದಿನಗಳ ಪಂಚಾಂಗ ಇಟ್ಟುಕೊಂಡು ತಿಳಿಸುತ್ತಿದ್ದರು. ಇನ್ನೊಬ್ಬರು ಹುಟ್ಟಿದ ಮಗುವಿಗೆ ನೀರಿನ ದೀಕ್ಷಾಸ್ನಾನ ಕೊಡುತ್ತಿದ್ದರು. ಪ್ರಾರ್ಥನೆಗಳನ್ನು ಹಿರಿಯರು ಕಿರಿಯರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಲ್ಯಾಟಿನ್, ಪೋರ್ಚುಗೀಸ್ ಪದಗಳು ಬೆರೆತ ಆ ಪ್ರಾರ್ಥನೆಗಳ ಅರ್ಥ ಎಷ್ಟೋ ಕಡೆ ಮರೆತುಹೋಗಿದ್ದರೂ ಹೇಳುವುದನ್ನು ಬಿಡಲಿಲ್ಲ. ಕರುಣೆಯ ದೇವತೆ ಕನ್ನೊನ್ ಪ್ರತಿಮೆಯನ್ನು ಇಟ್ಟುಕೊಂಡು ಅದರಲ್ಲೇ ಮರಿಯಳನ್ನು ಕಂಡರು. ಪಾಠಶಾಲೆಯಲ್ಲಿ ಅರ್ಥಕ್ಕಿಂತ ಮೊದಲು ಸಂತೆ ಹೇಳಿಸಿಕೊಂಡು ಕಲಿತ ನಮ್ಮಂಥವರಿಗೆ ಇದು ಕೂಡಲೇ ತಿಳಿಯುತ್ತದೆ. ತಿಥಿ ಗೊತ್ತಿರಬೇಕು, ಮಾತು ಬಾಯಿಗೆ ಬರುತ್ತಿರಬೇಕು, ಜೊತೆಗೆ ಇನ್ನಿಬ್ಬರಿರಬೇಕು. ಈ ಮೂರಿದ್ದರೆ ಭಾವ ಏರಲಿ ಇಳಿಯಲಿ, ಶ್ರದ್ಧೆ ನಿಲ್ಲುತ್ತದೆ.

ಸೊಸೆಗೆ ಒಂದು ನಿತ್ಯಕ್ರಮ

ಅವಳಿಗೆ ಬೇಕಾದದ್ದು ಅವಳ ಪದ್ಧತಿಯಲ್ಲೇ ಇದೆ. ಹೊಸದೇನೂ ಬೇಡ. ಹೀಗೆ ಸಲಹೆ ಮಾಡಿ, ಒತ್ತಾಯ ಬೇಡ.

ಒಂದು, ಹೊತ್ತು ಗೊತ್ತುಮಾಡಿಕೊಳ್ಳಲಿ. ಜಪಸರದ ಐದು ಭಾಗದಲ್ಲಿ ಭಾಗಕ್ಕೆ ಹತ್ತರಂತೆ ಐವತ್ತು ಬಾರಿ ಮರಿಯಳ ಪ್ರಾರ್ಥನೆ, ಪ್ರತಿ ಭಾಗದ ಮೊದಲಿಗೆ ಯೇಸು ಕಲಿಸಿದ ಪ್ರಾರ್ಥನೆ. ಇಪ್ಪತ್ತು ನಿಮಿಷದ ಕೆಲಸ. ಈ ಸ್ಥಿತಿಯಲ್ಲಿ ಐದೂ ಆಗದಿದ್ದರೆ ಒಂದೇ ಭಾಗ ಸಾಕು, ಆದರೆ ದಿನವೂ ಅದೇ ಹೊತ್ತಿಗೆ. ಮೊಣಕಾಲೂರಲು ಆಗದಿದ್ದರೆ ಕುರ್ಚಿಯಲ್ಲಿ ಕೂತರೂ ಆದೀತು.

ಎರಡು, ದಿನಕ್ಕೆ ಸುವಾರ್ತೆಯ ನಾಲ್ಕು ಸಾಲು ಓದಲಿ. ಕ್ಯಾಥೊಲಿಕರಲ್ಲಿ ಇಂಥ ದಿನಕ್ಕೆ ಇಂಥ ಪಾಠ ಎಂದು ಪೂಜೆಯ ವಾಚನಗಳು ಮೊದಲೇ ಗೊತ್ತಾಗಿರುತ್ತವೆ. ಇಲ್ಲಿ ಅವಳು ಓದಿದ್ದನ್ನೇ ಅಲ್ಲಿ ಅವಳ ತಾಯಿಯೂ ಓದುತ್ತಾರೆ. ಫೋನಿನಲ್ಲಿ ಅಡುಗೆ ಸುದ್ದಿಯ ಜೊತೆಗೆ ಅದರ ಎರಡು ಮಾತು ಆಡಿಕೊಂಡರೆ ಜೊತೆ ಸಿಕ್ಕಂತಾಯಿತು.

ಮೂರು, ಮಲಗುವ ಮೊದಲು ದಿನವನ್ನು ಹಿಂತಿರುಗಿ ನೋಡುವುದು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ (1491–1556) ಇದಕ್ಕೊಂದು ಕ್ರಮ ಹಾಕಿಕೊಟ್ಟರು: ದೇವರಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ತಪ್ಪಿಗೆ ಕ್ಷಮೆ, ನಾಳೆಯ ಸಂಕಲ್ಪ. ಐದು ಹೆಜ್ಜೆ, ಹತ್ತು ನಿಮಿಷ.

ನಾಲ್ಕು, ಭಾನುವಾರದ ಬಲಿಪೂಜೆ ಕ್ಯಾಥೊಲಿಕರಿಗೆ ಕಡ್ಡಾಯ, ನಮ್ಮ ನಿತ್ಯಕರ್ಮದ ಹಾಗೆ. ಆ ಹೊತ್ತಿಗೆ ಮನೆಯಲ್ಲಿ ತಿಂಡಿ, ನೆಂಟರು ಅಂತ ಅವಳನ್ನು ಕಟ್ಟಿಹಾಕಬೇಡಿ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ಇಂಗ್ಲಿಷ್ ಪೂಜೆಗಳಿವೆ. ತನ್ನ ಭಾಷೆಯದು ಎಲ್ಲಿದೆ ಎಂದು ಅವಳು ವಿಚಾರಿಸಿಕೊಳ್ಳಲಿ.

ಐದು, ವಿಶ್ವಾಸ ಕೈಗೆ ಇಳಿಯಬೇಕು. ಕೆಲಸವಿಲ್ಲದ ವಿಶ್ವಾಸ ಸತ್ತಂತೆ ಎಂಬುದು ಯಾಕೋಬನ ಪತ್ರದ ಸಾರ. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, ನಲವತ್ತು ದಿನ ಅವರಿಗೆ ತಪಸ್ಸುಕಾಲ. ಪ್ರಾರ್ಥನೆ, ಉಪವಾಸ, ದಾನ ಮೂರೂ ಸೇರಿದರೇ ಅದು ಪೂರ್ತಿ. ಗರ್ಭಿಣಿಗೆ ಉಪವಾಸದ ಕಟ್ಟುಪಾಡಿಲ್ಲ. ದಾನಕ್ಕೂ ರೋಗಿಗಳನ್ನು ನೋಡಿಬರುವುದಕ್ಕೂ ಯಾವ ಅಡ್ಡಿಯೂ ಇಲ್ಲ.

ಕೂರಲು ಪುರುಸೊತ್ತೇ ಇಲ್ಲ ಅಂದರೆ? ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬ ಸೋದರರಿದ್ದರು. ಅಡುಗೆ ಅವರಿಗೆ ಇಷ್ಟದ ಕೆಲಸವೇನಲ್ಲ. ಬಾಣಲೆಯಲ್ಲಿದ್ದದ್ದನ್ನು ಮಗುಚುವಾಗಲೂ ದೇವರ ಪ್ರೀತಿಗಾಗಿ ಮಗುಚುತ್ತೇನೆ ಎಂದುಕೊಂಡು, ಪಾತ್ರೆಗಳ ಗದ್ದಲದಲ್ಲೂ ದೇವರ ಸನ್ನಿಧಿ ಅಭ್ಯಾಸ ಮಾಡಿಕೊಂಡರು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರ, ಮಾತುಕತೆಗಳು ಸಣ್ಣ ಪುಸ್ತಕವಾಗಿ ಜಗತ್ತೆಲ್ಲ ಹರಡಿದವು. ಮೊದಲ ಹತ್ತು ವರ್ಷ ತಾವು ಬಹಳ ಕಷ್ಟಪಟ್ಟದ್ದಾಗಿ ಅವರೇ ಬರೆದಿದ್ದಾರೆ.

"ಏನೂ ಅನ್ನಿಸುವುದಿಲ್ಲ" ಎಂಬುದಕ್ಕೆ

ಇದು ಎಲ್ಲ ಉಪಾಸಕರಿಗೂ ಬರುವ ಸ್ಥಿತಿ. ಮದರ್ ತೆರೆಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕ ಬೆರಗಾಯಿತು. ಹತ್ತಿರ ಹತ್ತಿರ ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯ ಅನುಭವಕ್ಕೆ ಬಂದಿರಲಿಲ್ಲ, ಒಳಗೆಲ್ಲ ಕತ್ತಲೆ ಅಂತ ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಆದರೂ ಪೂಜೆ, ಪ್ರಾರ್ಥನೆ, ರೋಗಿಗಳ ಸೇವೆ ಬಿಡಲಿಲ್ಲ. 2016ರಲ್ಲಿ ಚರ್ಚು ಅವರನ್ನು ಸಂತರೆಂದು ಸಾರಿತು. ಅನುಭವ ಇಲ್ಲದ್ದನ್ನು ವಿಶ್ವಾಸ ಇಲ್ಲದ್ದೆಂದು ಅವರ ಚರ್ಚು ಎಣಿಸಲಿಲ್ಲ. ನಿಮ್ಮ ಸೊಸೆಯೂ ಹಾಗೆ ಎಣಿಸಬೇಕಾಗಿಲ್ಲ. ಅಳು ಬಂದಿದೆ ಅಂದರೆ ಬೇರು ಜೀವಂತವಾಗಿದೆ ಅಂತಲೇ. ಆದರೆ ನಿದ್ದೆ, ಊಟವೂ ತಪ್ಪಿ ದಿನವಿಡೀ ಮಂಕಾಗಿದ್ದರೆ ಡಾಕ್ಟರ ಹತ್ತಿರವೂ ಹೇಳಿ. ಗರ್ಭಿಣಿಯ ಮನಸ್ಸಿನ ಆಯಾಸವನ್ನೆಲ್ಲ ದೇವರ ತಲೆಗೆ ಕಟ್ಟಬಾರದು.

ಕೇಳಬೇಕಾದ ಒಂದು ವಿಷಯ

ರಿಜಿಸ್ಟರ್ ಮದುವೆ ಅಂದಿರಿ. ಕ್ಯಾಥೊಲಿಕರು ದೀಕ್ಷಾಸ್ನಾನ ಆಗದವರನ್ನು ಮದುವೆಯಾಗಬೇಕಾದರೆ ಬಿಷಪ್ಪರ ಅನುಮತಿ ಬೇಕು. ಅದಿಲ್ಲದೆ ರಿಜಿಸ್ಟರ್ ಮಾತ್ರ ಆಗಿದ್ದರೆ ಚರ್ಚು ಅದನ್ನು ಮದುವೆ ಎಂದು ಒಪ್ಪುವುದಿಲ್ಲ, ಸರಿಪಡಿಸುವ ತನಕ ಅವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಎಲ್ಲರೂ ಎದ್ದು ಪ್ರಸಾದಕ್ಕೆ ಹೋಗುವಾಗ ತಾನೊಬ್ಬಳೇ ಬೆಂಚಿನಲ್ಲಿ ಕೂರಬೇಕಾದ ನೋವಿನಿಂದ ಅವಳು ಭಾನುವಾರ ಬಿಟ್ಟಿರಲೂಬಹುದು. ಹೀಗಿದೆಯೇ ಎಂದು ನಿಮ್ಮ ಮಗ ಮೃದುವಾಗಿ ಕೇಳಲಿ. ಇದ್ದರೆ ಇಬ್ಬರೂ ಸೇರಿ ಅವಳ ಧರ್ಮಕೇಂದ್ರದ ಗುರುಗಳನ್ನು ಕಾಣಲಿ. ಮಗ ಮತಾಂತರವಾಗದೆಯೇ ಮದುವೆಯನ್ನು ಚರ್ಚಿನಲ್ಲಿ ಕ್ರಮಬದ್ಧಗೊಳಿಸಲು ದಾರಿಯಿದೆ.

ಒಂದನ್ನು ಮುಚ್ಚಿಡದೆ ಹೇಳುತ್ತೇನೆ. ಆಗ ಅವಳು ಮಕ್ಕಳನ್ನು ತನ್ನ ವಿಶ್ವಾಸದಲ್ಲಿ ಬೆಳೆಸಲು ಶಕ್ತಿಮೀರಿ ಪ್ರಯತ್ನಿಸುವುದಾಗಿ ಮಾತು ಕೊಡಬೇಕಾಗುತ್ತದೆ. ಮಗನಿಗೂ ಅದನ್ನು ತಿಳಿಸಿರುತ್ತಾರೆ. ಮಗುವಿನ ನಾಮಕರಣ, ದೀಕ್ಷಾಸ್ನಾನದ ಮಾತನ್ನು ತೊಟ್ಟಿಲು ಕಟ್ಟಿದ ದಿನ ಆಡಿದರೆ ಮನೆ ಎರಡಾಗುತ್ತದೆ. ಇನ್ನೂ ಐದು ತಿಂಗಳಿದೆ, ಈಗಲೇ ಕೂತು ಮಾತಾಡಿ. ತೀರ್ಮಾನ ತಂದೆತಾಯಿಯದು. ಅಜ್ಜಿತಾತ ಪ್ರೀತಿಯಿಂದ ಸಲಹೆ ಹೇಳಬಹುದು, ಪಟ್ಟು ಹಿಡಿಯಬಾರದು.

ನಿಮ್ಮ ವಿಧಿಪ್ರಶ್ನೆಗಳಿಗೆ

ಶಿಲುಬೆ ದೇವರಮನೆಯಲ್ಲಿ ಬೇಡ. ಅಗೌರವದಿಂದ ಹೇಳುತ್ತಿಲ್ಲ. ಅವಳದು ಏಕನಿಷ್ಠೆ, ಬೇರೆ ದೇವರ ಉಪಾಸನೆ ಕೂಡದೆಂಬುದು ಹತ್ತು ಆಜ್ಞೆಗಳಲ್ಲಿ ಮೊದಲನೆಯದು. ಹದಿನೈದು ವಿಗ್ರಹಗಳ ಸಾಲಿಗೆ ಹದಿನಾರನೆಯದಾಗಿ ಸೇರಿಸಿದರೆ ಅವಳ ಪದ್ಧತಿಗೂ ಸಲ್ಲದು, ನಮ್ಮ ಪೂಜಾಕ್ರಮಕ್ಕೂ ಸಲ್ಲದು. ಅವರ ಕೋಣೆಯ ಗೋಡೆಗೆ ಒಂದು ಶುದ್ಧವಾದ ಹಲಗೆ ಹೊಡೆಸಿ, ಅಲ್ಲಿ ಶಿಲುಬೆ, ಮೇಣದ ಬತ್ತಿ, ಪುಸ್ತಕ ಇರಲಿ. ನಮ್ಮ ವಾಸ್ತು, ದಿಕ್ಕಿನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ.

ಮಡಿ, ಮೈಲಿಗೆಗಳೂ ಹಾಗೆಯೇ. ಮನೆಯಲ್ಲಿ ಸೂತಕವಿದ್ದಾಗ ನಮ್ಮ ಪೂಜೆ ನಿಂತರೂ ಅವಳ ಪ್ರಾರ್ಥನೆ ನಿಲ್ಲಬೇಕಿಲ್ಲ. ಮುಟ್ಟಿನ ದಿನಗಳಲ್ಲೂ ಅವಳು ಜಪಸರ ಹಿಡಿಯಬಹುದು, ಚರ್ಚಿಗೆ ಹೋಗಬಹುದು.

ಸಂಕಲ್ಪದಲ್ಲಿ ಕೂರಿಸುವುದು, ಮಂಗಳಾರತಿಗೆ ಕರೆದು ನಿಲ್ಲಿಸುವುದು ಬೇಡ. ಹಬ್ಬದ ಅಡುಗೆ, ರಂಗೋಲಿ, ನೆಂಟರ ಉಪಚಾರದಲ್ಲಿ ಅವಳು ಸಂತೋಷವಾಗಿ ಸೇರಿದರೆ ಸೇರಲಿ. ಪ್ರಸಾದದ ವಿಷಯದಲ್ಲಿ ಅವರಲ್ಲೇ ಒಬ್ಬೊಬ್ಬರ ಮನಸ್ಸಾಕ್ಷಿ ಒಂದೊಂದು ತರಹ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಈ ಚರ್ಚೆ ಇದೆ. ತೆಗೆದುಕೊಂಡರೆ ಸಂತೋಷ, ಬೇಡವೆಂದರೆ ಮುಖ ಸಣ್ಣಗೆ ಮಾಡಬೇಡಿ. ಸೀಮಂತವನ್ನು ಹೋಮ, ಮಂತ್ರವಿಲ್ಲದೆ ಬಳೆ ತೊಡಿಸಿ, ಹೂ ಮುಡಿಸಿ, ಬಯಕೆಯ ಊಟ ಹಾಕಿ ಮಾಡಿ. ಅವಳನ್ನು ಕೇಳಿಯೇ ಮಾಡಿ.

ಶಾಂತಿ ಬೇಕೇ ಅಂದಿರಿ. ಬೇಡ. ಇದರಲ್ಲಿ ಗ್ರಹದೋಷವಿಲ್ಲ. ಅವಳ ಜಾತಕ ಬರೆಸಿ, ಐದನೆಯ ಮನೆ ಒಂಬತ್ತನೆಯ ಮನೆ ನೋಡಿ ಹೋಮ ಮಾಡಿಸಿ ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಆ ದುಡ್ಡಿನಲ್ಲಿ ವಾರಕ್ಕೊಮ್ಮೆ ಅವಳಿಗೆ ಚರ್ಚಿಗೆ ಹೋಗಿಬರಲು ಗಾಡಿ ಮಾಡಿಕೊಡಿ.

ಮನೆಯಾಕೆಗೆ ಒಂದು ಮಾತು

ಅಮ್ಮಾ, ನೀವು ಕೆಟ್ಟದ್ದನ್ನು ಬಯಸಿಲ್ಲ, ಮನೆ ಒಂದಾಗಿರಲಿ ಅಂತ ಬಯಸಿದ್ದೀರಿ. ಸಂಜೆ ನೀವು ದೇವರ ಮುಂದೆ ದೀಪ ಹಚ್ಚುತ್ತೀರಲ್ಲ, ಆಗ ಟಿವಿ ಆರಿಸಿಬಿಡಿ. "ನನ್ನ ಪೂಜೆಯ ಹೊತ್ತಾಯ್ತು, ನೀನೂ ನಿನ್ನ ಪ್ರಾರ್ಥನೆ ಮುಗಿಸ್ಕೊಂಡು ಬಾಮ್ಮ, ಆಮೇಲೆ ಒಟ್ಟಿಗೆ ಊಟ ಮಾಡೋಣ" ಅನ್ನಿ. ಅಷ್ಟು ಹೊತ್ತು ಒಲೆಯ ಕೆಲಸಕ್ಕೆ ಅವಳನ್ನು ಕರೆಯಬೇಡಿ. ಸೆಪ್ಟೆಂಬರ್‌ನಲ್ಲಿ ಮೊಂತಿ ಹಬ್ಬಕ್ಕೆ ಅವಳ ತಾಯಿಯನ್ನು ಕರೆಸಿಕೊಳ್ಳಿ, ಹೊಸಕ್ಕಿಯ ಪಾಯಸ ನೀವೇ ಮಾಡಿ ಬಡಿಸಿ. ತವರಿನಲ್ಲಿ ಬಿಟ್ಟುಬಂದ ಜೊತೆ ಅವಳಿಗೆ ಅತ್ತೆಯ ಮನೆಯಲ್ಲೇ ಸಿಕ್ಕಿದರೆ ಕೈಬಿಟ್ಟ ಜಪಸರವನ್ನು ಮತ್ತೆ ಹಿಡಿಯಲು ಧೈರ್ಯ ಬರುತ್ತದೆ.

ತಾಯಿಗೂ ಮಗುವಿಗೂ ಆಯುರಾರೋಗ್ಯವಾಗಲಿ. ನಿಮ್ಮ ಮನೆಗೆ ಶುಭವಾಗಲಿ.